ಮೆಕ್ಸಿಕನ್ ಟೋರ್ಟಿಯಾ ಅಂಗಡೀಲಿ ಊಟ ಮಾಡೋದು ಹೇಗೆ: ಬೆಂಗಳೂರಿನವರಿಗೆ ಒಂದು ಗೈಡ್

ಮೆಕ್ಸಿಕನ್ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ನಾಚೋಸ್, ಅದರ ಮೇಲೆ ಸುರಿದಿರೋ ಹಳದಿ ಚೀಸ್ ಸಾಸು, ಇಲ್ಲಾಂದ್ರೆ ಅನ್ನ ಬೀನ್ಸ್ ಎಲ್ಲಾ ತುಂಬಿ ರೋಲ್ ಮಾಡಿ ಫಾಯಿಲ್‌ನಲ್ಲಿ ಸುತ್ತಿ ಕೊಡೋ ದಪ್ಪ ಬರೀಟೋ. ಹೆಚ್ಚಿನವರಿಗೆ ಈ ಊಟ ಪರಿಚಯ ಆಗಿದ್ದೇ ಹಾಗೆ, 2010ರಲ್ಲಿ ಟಾಕೋ ಬೆಲ್ ಇಂಡಿಯಾದಲ್ಲಿ ತನ್ನ ಮೊದಲನೇ ಅಂಗಡಿ ತೆಗೆದಿದ್ದು ಮಲ್ಲೇಶ್ವರದ ಮಂತ್ರಿ ಮಾಲಲ್ಲಿ, 2012ರಲ್ಲಿ ಕ್ಯಾಲಿಫೋರ್ನಿಯಾ ಬರೀಟೋ ಅನ್ನೋ ಚೈನ್ ಶುರುವಾಗಿದ್ದೂ ಬೆಂಗಳೂರಲ್ಲೇ. ಈಗ ಟೋರ್ಟಿಯಾನ, ಅಂದ್ರೆ ಮೆಕ್ಸಿಕೋದವರ ತೆಳ್ಳನೆ ರೊಟ್ಟಿನ, ತಾವೇ ಒತ್ತಿ ಸುಟ್ಟು ಕೊಡೋ ಸಣ್ಣ ಸಣ್ಣ ಜಾಗಗಳೂ ಇವೆ, ಹತ್ತು ಹನ್ನೆರಡು ಟೇಬಲ್ಲು, ಒಂದು ಓಪನ್ ಕಿಚನ್ನು, ಬೋರ್ಡ್ ಮೇಲೆ ಚಾಕ್‌ನಲ್ಲಿ ಬರೆದ ಮೆನು. ಅಂಥ ಕಡೆ ಹೋಗಿ ಮತ್ತೆ ಅದೇ ನಾಚೋಸು ಬರೀಟೋ ತಿಂದು ವಾಪಸ್ ಬಂದು "ಏನ್ ಅಂಥಾ ವಿಶೇಷ ಇಲ್ಲ ಕಣೋ" ಅನ್ನೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ, ಯಾಕಂದ್ರೆ ಅಲ್ಲಿ ದುಡ್ಡು ಕೊಟ್ಟು ತಿನ್ನಬೇಕಾಗಿರೋ ಮುಖ್ಯ ಪದಾರ್ಥ ಟೋರ್ಟಿಯಾ. ಒಳಗೆ ತುಂಬಿರೋದೆಲ್ಲಾ ಆಮೇಲೆ. ಈ ಒಂದು ವಿಷ್ಯ ಮನಸ್ಸಲ್ಲಿಟ್ಕೊಂಡು ಹೋದ್ರೆ ಎಲ್ಲಿ ಕೂರಬೇಕು, ಏನ್ ಆರ್ಡರ್ ಮಾಡಬೇಕು, ಎಷ್ಟು ಬೇಗ ತಿನ್ನಬೇಕು ಎಲ್ಲಾ ತಾನಾಗೇ ಗೊತ್ತಾಗತ್ತೆ.

ಮೊದಲು ಟೋರ್ಟಿಯಾ ಬಗ್ಗೆ ತಿಳ್ಕೊಳ್ಳಿ

ಇದನ್ನ ಸ್ಕಿಪ್ ಮಾಡಬೇಡಿ ಪ್ಲೀಸ್, ಇಡೀ ಗೈಡ್‌ನಲ್ಲಿ ಮುಖ್ಯವಾದ ಭಾಗ ಇದೇ.

ಮೆಕ್ಸಿಕೋದಲ್ಲಿ ಮುಸುಕಿನ ಜೋಳನ (ಮೆಕ್ಕೆಜೋಳ, ಇಲ್ಲಿ ಜೋಳ ಅಂದ್ರೆ ಇದೇ) ಹಾಗೇ ಒಣಗಿಸಿ ಹಿಟ್ಟು ಮಾಡಿ ರೊಟ್ಟಿ ತಟ್ಟಲ್ಲ. ಒಣಗಿದ ಕಾಳನ್ನ ಸುಣ್ಣ ಹಾಕಿದ ನೀರಲ್ಲಿ ಕುದಿಸ್ತಾರೆ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ತಿನ್ನೋ ಗ್ರೇಡಿಂದು, ಒಂದು ಕೆಜಿ ಜೋಳಕ್ಕೆ ಸುಮಾರು 10 ಗ್ರಾಂ. ಕುದಿಸಿ ಅದೇ ನೀರಲ್ಲಿ ರಾತ್ರಿ ಎಲ್ಲಾ ನೆನೆಯಕ್ಕೆ ಬಿಡ್ತಾರೆ, ಬೆಳಗ್ಗೆ ಕಾಳಿನ ಮೇಲಿನ ಸಿಪ್ಪೆ ಕೈಯಲ್ಲಿ ಉಜ್ಜಿದ್ರೆ ಜಾರಿ ಬರತ್ತೆ, ತೊಳೆದು ಹಸಿಯಾಗೇ ಕಲ್ಲಲ್ಲಿ ರುಬ್ಬಿದ್ರೆ ಬರೋ ಹಿಟ್ಟಿಗೆ ಮಾಸಾ ಅಂತಾರೆ. ಈ ಪದ್ಧತಿ ಮೂರು ಸಾವಿರ ವರ್ಷಕ್ಕಿಂತ ಹಳೇದು. ಸುಣ್ಣ ಏನ್ ಮಾಡತ್ತೆ ಅಂದ್ರೆ ಕಾಳಿನ ಗಟ್ಟಿ ಗೋಡೆನ ಸಡಿಲ ಮಾಡತ್ತೆ, ಅದರಿಂದ ಹಿಟ್ಟಿಗೆ ಅಂಟು ಬರತ್ತೆ, ತೆಳ್ಳಗೆ ಒತ್ತಿದ್ರೂ ಬಿರಿಯಲ್ಲ, ಮಡಚಿದ್ರೂ ಮುರಿಯಲ್ಲ. ಜೊತೆಗೆ ಜೋಳದಲ್ಲಿ ಬಂಧಿಯಾಗಿರೋ ನಯಾಸಿನ್ ಅನ್ನೋ ಬಿ ವಿಟಮಿನ್ ನಮ್ಮ ದೇಹಕ್ಕೆ ಸಿಗೋ ಹಾಗೆ ಬಿಡುಗಡೆ ಆಗತ್ತೆ. ಯುರೋಪಿನವರು ಅಮೆರಿಕಾ ಖಂಡದಿಂದ ಜೋಳ ತಗೊಂಡು ಹೋದ್ರು, ಸುಣ್ಣದ ಪದ್ಧತಿನ ಮಾತ್ರ ಅಲ್ಲೇ ಬಿಟ್ರು, ಆಮೇಲೆ ಉತ್ತರ ಇಟಲೀಲಿ, ಇಪ್ಪತ್ತನೇ ಶತಮಾನದ ಶುರುವಲ್ಲಿ ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲಿ, ಜೋಳನೇ ನಂಬ್ಕೊಂಡಿದ್ದ ಬಡವರಿಗೆ ನಯಾಸಿನ್ ಕೊರತೆಯಿಂದ ಬರೋ ಪೆಲಾಗ್ರಾ ರೋಗ ಬಂತು. ಮೆಕ್ಸಿಕೋದಲ್ಲಿ ಅಷ್ಟೇ ಜೋಳ ತಿಂತಿದ್ದವರಿಗೆ ಆ ಕಾಟ ಹಂಗೆ ಇರ್ಲಿಲ್ಲ. ಒಂದು ಚಿಟಿಕೆ ಸುಣ್ಣದ ಮಹಿಮೆ ನೋಡಿ.

ಆ ವಾಸನೆ ಒಂದ್ಸಲ ಮೂಗಿಗೆ ಹತ್ತಿದ್ರೆ ಮರೆಯಲ್ಲ, ಬೆಂದ ಜೋಳದ ಸಿಹಿ, ಸ್ವಲ್ಪ ಮಣ್ಣಿನ ಘಮ. ಸ್ವೀಟ್ ಕಾರ್ನ್ ವಾಸನೆಗೂ ಇದಕ್ಕೂ ಸಂಬಂಧನೇ ಇಲ್ಲ.

ಮಾಸಾ ಉಂಡೆನ ಎರಡು ಪ್ಲಾಸ್ಟಿಕ್ ಹಾಳೆ ಮಧ್ಯ ಇಟ್ಟು ಕಬ್ಬಿಣದ ಪ್ರೆಸ್ಸಲ್ಲಿ ಒಂದು ಒತ್ತು. ಬಿಸಿ ಹೆಂಚಿನ ಮೇಲೆ ಹಾಕ್ತಾರೆ, ಕೊಮಾಲ್ ಅಂತಾರೆ ಅದಕ್ಕೆ, ಎಣ್ಣೆ ಹಾಕಲ್ಲ. ಇಪ್ಪತ್ತು ಸೆಕೆಂಡ್‌ಗೆ ಅಂಚು ಒಣಗಿ ಬಣ್ಣ ಬದಲಾಗಿ ಹೆಂಚಿನಿಂದ ತಾನಾಗೇ ಬಿಟ್ಕೊಳ್ಳತ್ತೆ, ತಿರುವಿ ಹಾಕ್ತಾರೆ, ಎರಡನೇ ಕಡೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಡ್ತಾರೆ, ಅಲ್ಲಲ್ಲಿ ಕಂದು ಚುಕ್ಕೆ ಬರತ್ತೆ, ಮತ್ತೆ ತಿರುವಿ ಬೆರಳ ತುದೀಲಿ ಮಧ್ಯ ಮೆಲ್ಲಗೆ ಒತ್ತಿದ್ರೆ ಒಳಗಿನ ಹಬೆ ದಾರಿ ಹುಡುಕ್ಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದು ಪೂರ್ತಿ ಉಬ್ಬತ್ತೆ, ಎರಡು ಮೂರು ಸೆಕೆಂಡು ಅಷ್ಟೇ, ಮತ್ತೆ ಕೂತ್ಕೊಳ್ಳತ್ತೆ. ಉಬ್ಬಿದ್ದು ಅಂದ್ರೆ ಹಿಟ್ಟಿನ ಹದ ಸರಿ ಇದೆ, ಹೆಂಚಿನ ಬಿಸಿ ಸರಿ ಇದೆ ಅಂತ ಅರ್ಥ. ಕೆಳಗಿಳಿಸಿದ್ದನ್ನ ಬಟ್ಟೆ ಹಾಸಿದ ಬುಟ್ಟೀಲಿ ಒಂದರ ಮೇಲೊಂದು ಇಟ್ಟು ಮುಚ್ಚಿಡ್ತಾರೆ, ಆ ಬಟ್ಟೆಯೊಳಗಿನ ಹಬೇಲಿ ಅದು ಇನ್ನೂ ಮೆತ್ತಗಾಗತ್ತೆ.

ಅದಕ್ಕೇ ಹೇಳೋದು, ಕೊಮಾಲ್ ಕಾಣೋ ಕಡೆ ಸೀಟ್ ಕೇಳಿ. ಮೂಲೇಲಿ ಎಸಿ ಕೆಳಗೆ ಆರಾಮಾಗಿರೋ ಟೇಬಲ್‌ಗಿಂತ ಕಿಚನ್ ಎದುರಿನ ಎತ್ತರದ ಸ್ಟೂಲೇ ವಾಸಿ, ಹೆಂಚಿನಿಂದ ತಟ್ಟೆಗೆ ದೂರ ಕಮ್ಮಿ ಆದಷ್ಟೂ ಊಟ ಚೆನ್ನಾಗಿರತ್ತೆ.

ಜಾಗ ಒಳ್ಳೇದಾ ಅಂತ ಹೇಗೆ ನೋಡೋದು

ಕೂತ ತಕ್ಷಣ ಒಂದೇ ಪ್ರಶ್ನೆ ಕೇಳಿ: "ಬಾಸ್, ಟೋರ್ಟಿಯಾ ಇಲ್ಲೇ ಮಾಡ್ತೀರಾ, ಪ್ಯಾಕೆಟ್ದಾ?" ಉತ್ತರ ಮೂರು ತರ ಬರಬಹುದು. ಜೋಳ ತಂದು ನಾವೇ ಸುಣ್ಣದಲ್ಲಿ ಬೇಯಿಸಿ ರುಬ್ಬುತೀವಿ ಅಂದ್ರೆ ಅದು ಫಸ್ಟ್ ಕ್ಲಾಸು, ಎರಡನೇ ಯೋಚನೆ ಬೇಡ. ಮಾಸಾ ಹರೀನಾ ತರಿಸಿ ಇಲ್ಲೇ ಕಲಸಿ ಒತ್ತುತೀವಿ ಅಂದ್ರೆ ಅದೂ ಒಳ್ಳೇದೇ, ಅದು ಇದೇ ಸುಣ್ಣದ ಪ್ರಕ್ರಿಯೆ ಮುಗಿಸಿ ಒಣಗಿಸಿದ ಪುಡಿ, ಮೆಕ್ಸಿಕೋದ ಮನೆಗಳಲ್ಲೂ ಬಳಸ್ತಾರೆ, ಘಮ ಸ್ವಲ್ಪ ಕಮ್ಮಿ ಇರತ್ತೆ ಅಷ್ಟೇ. ರೆಡಿಮೇಡ್ ತರಿಸ್ತೀವಿ ಅಂದ್ರೆ ಅಲ್ಲಿ ಟಾಕೋ (ಟೋರ್ಟಿಯಾ ಮೇಲೆ ಮಾಂಸನೋ ತರಕಾರಿನೋ ಇಟ್ಟು ಮಡಚಿ ತಿನ್ನೋದು) ಬಿಟ್ಟು ಬೇರೆ ಏನಾದ್ರೂ ತಿನ್ನಿ. ಕೆಲವರು ಮಾಮೂಲಿ ಮೆಕ್ಕೆಜೋಳದ ಹಿಟ್ಟಿಗೆ ಮೈದಾ ಸೇರಿಸಿ ಕಾರ್ನ್ ಟೋರ್ಟಿಯಾ ಅಂತ ಕೊಡ್ತಾರೆ, ಗೋಧಿ ಮೈದಾದಲ್ಲಿರೋ ಗ್ಲೂಟನ್ ಆಗದೇ ಇರೋರು ಇದನ್ನ ಬಿಡಿಸಿ ಬಿಡಿಸಿ ಕೇಳಲೇಬೇಕು.

ಟೋರ್ಟಿಯಾ ಬಂದ ಮೇಲೆ ಖಾಲಿದು ಒಂದು ಎತ್ತಿ ಏನೂ ಹಾಕದೇ ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ. ಉಪ್ಪು ಇರಲ್ಲ, ಅದು ಸರಿ, ಮಾಸಾಗೆ ಸಾಮಾನ್ಯವಾಗಿ ಉಪ್ಪು ಹಾಕಲ್ಲ. ಅರ್ಧಕ್ಕೆ ಮಡಚಿ ನೋಡಿ, ಬೆನ್ನಿನ ಮೇಲೆ ಬಿರುಕು ಬಿಟ್ರೆ ಆರಿದೆ ಅಥವಾ ಹಳೇದು. ತಣ್ಣಗಿದ್ರೆ ಸಂಕೋಚ ಪಡದೇ "ಇದನ್ನ ಹೆಂಚಿನ ಮೇಲೆ ಒಂದ್ಸಲ ಬಿಸಿ ಮಾಡ್ಕೊಡಿ" ಅನ್ನಿ, ಮರ್ಯಾದೆ ಇರೋ ಜಾಗದವರು ಖುಷಿಯಾಗೇ ಮಾಡ್ಕೊಡ್ತಾರೆ. ಬಣ್ಣ ಬಿಳಿ, ಹಳದಿ, ನೀಲಿ ಮೂರೂ ಇರತ್ತೆ, ನೀಲಿ ಟೋರ್ಟಿಯಾ ನೋಡಿ ಕಲರ್ ಹಾಕಿದಾರೆ ಅಂದ್ಕೋಬೇಡಿ, ಮೆಕ್ಸಿಕೋದಲ್ಲಿ ಆ ಬಣ್ಣದ ಜೋಳನೇ ಬೆಳೀತಾರೆ. ಮೈದಾ ಅಥವಾ ಗೋಧಿ ಟೋರ್ಟಿಯಾ ಅಂತಾನೂ ಇದೆ, ಅದು ಉತ್ತರ ಮೆಕ್ಸಿಕೋ ಕಡೆದು, ಸೊನೋರಾ ರಾಜ್ಯದಲ್ಲಿ ಅದೇ ಹೆಸರುವಾಸಿ, ಬರೀಟೋ ಹುಟ್ಟಿದ್ದೂ ಆ ಕಡೇನೇ. ಆದ್ರೆ ಒಂದೇ ಊಟಕ್ಕೆ ಹೋಗ್ತಿದ್ರೆ ಜೋಳದ್ದೇ ತಗೊಳ್ಳಿ, ಗೋಧಿದು ನಮಗೆ ಮನೇಲಿ ದಿನಾ ಇದ್ದಿದ್ದೇ.

ಆರ್ಡರ್ ಮಾಡೋ ಕ್ರಮ

ನಮ್ಮ ಅಭ್ಯಾಸ ಏನಂದ್ರೆ ವೇಟರ್ ಬಂದ ತಕ್ಷಣ ಸ್ಟಾರ್ಟರು, ಮೇನ್ ಕೋರ್ಸು, ಡ್ರಿಂಕ್ಸು ಎಲ್ಲಾ ಒಟ್ಟಿಗೇ ಹೇಳ್ಬಿಡೋದು. ಇಲ್ಲಿ ಹಾಗೆ ಮಾಡಬೇಡಿ. ಟಾಕೋ ಟೇಬಲ್‌ಗೆ ಬಂದು ಐದು ನಿಮಿಷ ಆಯ್ತು ಅಂದ್ರೆ ಕೆಳಗಿನ ಟೋರ್ಟಿಯಾ ರಸ ಕುಡಿದು ಮೆತ್ತಗಾಗಿರತ್ತೆ, ಎತ್ತಿದ್ರೆ ತಳ ಕಿತ್ಕೊಂಡು ಬರತ್ತೆ. ಮೆಕ್ಸಿಕೋ ಸಿಟೀಲಿ ಟಾಕೋ ಗಾಡಿ ಮುಂದೆ ಜನ ನಿಂತ್ಕೊಂಡು ಎರಡು ತಿಂತಾರೆ, ಬೇಕು ಅನ್ಸಿದ್ರೆ ಇನ್ನೆರಡು ಕೇಳ್ತಾರೆ. ಅದೇ ಸರಿಯಾದ ರೀತಿ. ತಲಾ ಎರಡು ಟಾಕೋ, ಒಂದೊಂದು ಬೇರೆ ಬೇರೆ ತರದ್ದು, ಅದನ್ನ ಮುಗಿಸಿ ಇನ್ನೊಂದು ರೌಂಡು. ಆಫೀಸ್ ಟೀಮ್ ಎಂಟು ಜನ ಹೋಗಿದೀರಾ ಅಂದ್ರೆ ಮೊದಲೇ ಹೇಳಿ, "ಎಲ್ಲಾ ಒಟ್ಟಿಗೆ ಬೇಡ, ಆದಂಗಾದಂಗೆ ಕೊಡಿ, ಬಂದಂಗೆ ಹಂಚ್ಕೋತೀವಿ" ಅಂತ. ಎಲ್ಲರಿಗೂ ಬರ್ಲಿ ಅಂತ ಕಾಯೋದು ಮದುವೆ ಊಟದಲ್ಲಿ ಸರಿ, ಇಲ್ಲಿ ಯಾರದ್ದು ಮೊದಲು ಬರತ್ತೋ ಅವರು ಆಗಲೇ ತಿನ್ನಬೇಕು.

ಶುರುವಲ್ಲಿ ತೊತೊಪೋಸ್ ತಗೊಳ್ಳಿ, ಟೋರ್ಟಿಯಾನ ತ್ರಿಕೋನ ಕತ್ತರಿಸಿ ಕರಿದಿದ್ದು, ಜೊತೆಗೆ ಮೂರೋ ನಾಲ್ಕೋ ಸಾಲ್ಸಾ, ಅಂದ್ರೆ ನಮ್ಮ ಚಟ್ನಿ ತರದ್ದು. ಇದನ್ನ ಹೊಟ್ಟೆ ತುಂಬಕ್ಕೆ ತಿನ್ನಬೇಡಿ, ಯಾವ ಸಾಲ್ಸಾ ಎಷ್ಟು ಖಾರ ಅಂತ ಪರೀಕ್ಷೆ ಮಾಡಕ್ಕೆ ಉಪಯೋಗಿಸ್ಕೊಳ್ಳಿ. ನಾಚೋಸ್ ಬೇಕೇ ಬೇಕು ಅಂದ್ರೆ ಇನ್ನೊಂದ್ಸಲ ತಿನ್ನಿ, ಅದೂ ಮೆಕ್ಸಿಕೋದ್ದೇ, 1940ರ ದಶಕದಲ್ಲಿ ಅಮೆರಿಕಾ ಗಡಿಯಲ್ಲಿರೋ ಪಿಯೆದ್ರಾಸ್ ನೆಗ್ರಾಸ್ ಅನ್ನೋ ಊರಲ್ಲಿ ಇಗ್ನಾಸಿಯೋ ಅನಾಯಾ ಅನ್ನೋರು ಹೋಟೆಲ್‌ಗೆ ಬಂದ ಗಿರಾಕಿಗಳಿಗೆ ಇದ್ದಿದ್ದರಲ್ಲೇ ಮಾಡಿ ಕೊಟ್ಟಿದ್ದು. ಆದ್ರೆ ಒಂದು ಪ್ಲೇಟ್ ಚೀಸ್ ನಾಚೋಸ್ ಒಳಗೆ ಹೋದ ಮೇಲೆ ಟಾಕೋಗೆ ಜಾಗ ಎಲ್ಲಿ.

ಟಾಕೋಗಳಲ್ಲಿ ನಾನ್‌ವೆಜ್ ತಿನ್ನೋರು ಮೊದಲು ಅಲ್ ಪಾಸ್ತೋರ್ ಕೇಳಿ. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಹೋದೋರು ಶವರ್ಮಾ ತರ ನಿಲ್ಲಿಸಿದ ಕಂಬಿಗೆ ಮಾಂಸ ಚುಚ್ಚಿ ಸುಡೋ ಪದ್ಧತಿ ತಗೊಂಡು ಹೋದ್ರು, ಅಲ್ಲಿ ಕುರಿ ಹೋಗಿ ಹಂದಿ ಬಂತು, ಒಣಮೆಣಸಿನಕಾಯಿ ಮತ್ತೆ ಅಚಿಯೋತೆ ಅನ್ನೋ ಕೆಂಪು ಬೀಜದ ಮಸಾಲೆ ಬಂತು, ಮೇಲೊಂದು ಅನಾನಸ್ ಬಂತು. ನಮ್ಮಲ್ಲಿ ಹೆಚ್ಚಾಗಿ ಚಿಕನ್‌ನಲ್ಲೇ ಮಾಡ್ತಾರೆ, ಪೋರ್ಕ್ ತಿನ್ನೋರು ಪೋರ್ಕ್ ಇದ್ಯಾ ಅಂತ ಕೇಳಿ ನೋಡಿ, ಅನಾನಸ್ ಹುಳಿಸಿಹಿ ಜೊತೆ ಅದರ ರುಚಿನೇ ಬೇರೆ. ಕಾರ್ನಿತಾಸ್ ಅಂದ್ರೆ ಹಂದಿಮಾಂಸನ ಅದರದ್ದೇ ಕೊಬ್ಬಲ್ಲಿ ನಿಧಾನಕ್ಕೆ ಬೇಯಿಸಿದ್ದು, ಮಿಚೊಆಕಾನ್ ರಾಜ್ಯದ ಸ್ಪೆಷಲ್ಲು. ಬಾಹಾ ಫಿಶ್ ಟಾಕೋ ಕರಿದ ಮೀನು, ಎಲೆಕೋಸು, ಬಿಳಿ ಸಾಸು, ಮೊದಲ ಸಲ ತಿನ್ನೋರಿಗೂ ಮಕ್ಕಳಿಗೂ ಇಷ್ಟ ಆಗತ್ತೆ.

ಸಸ್ಯಾಹಾರಿಗಳು ಪನೀರ್ ಟಾಕೋಗೆ ಹೋಗೋ ಮುಂಚೆ ಮಶ್ರೂಮ್ ಇದ್ಯಾ ನೋಡಿ, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ದೊಡ್ಡ ಉರೀಲಿ ಹುರಿದಿದ್ದು. ರಾಹಾಸ್ ಅಂತ ಇದ್ರೆ ಬಿಡಬೇಡಿ, ದಪ್ಪ ಮೆಣಸಿನಕಾಯಿನ ಉರಿ ಮೇಲೆ ಸುಟ್ಟು ಸಿಪ್ಪೆ ತೆಗೆದು ಉದ್ದಕ್ಕೆ ಸೀಳಿ ಈರುಳ್ಳಿ ಕ್ರೀಮ್ ಜೊತೆ ಬೇಯಿಸಿರ್ತಾರೆ, ಎಣ್ಣೆಗಾಯಿಗಿಂತ ಬದನೆಕಾಯಿ ಸುಟ್ಟು ಮಾಡೋ ಬಜ್ಜಿ ಇಷ್ಟ ಪಡೋ ಮನೆಯವರಿಗೆ ಇದು ಪಕ್ಕಾ ಹಿಡಿಸತ್ತೆ. ಬೀನ್ಸ್, ಆಲೂಗಡ್ಡೆ, ಕುಂಬಳ ಹೂವು ಇವೆಲ್ಲಾ ಅಲ್ಲಿಯವರು ದಿನಾ ತಿನ್ನೋ ಟಾಕೋಗಳೇ, ವೆಜ್ ಅಂತ ನಮಗೋಸ್ಕರ ಕಂಡುಹಿಡಿದಿದ್ದಲ್ಲ.

ಟಾಕೋ ಎರಡು ರೌಂಡ್ ಆದ ಮೇಲೆ ಎಲ್ಲರೂ ಹಂಚ್ಕೊಳ್ಳಕ್ಕೆ ಒಂದು ದೊಡ್ಡ ಐಟಮ್ಮು. ಎಂಚಿಲಾಡಾ ಅಂದ್ರೆ ಟೋರ್ಟಿಯಾನ ಮೆಣಸಿನಕಾಯಿ ಸಾಸಲ್ಲಿ ಅದ್ದಿ ಸುತ್ತಿದ್ದು, ಮೋಲೆ ಇದ್ರೆ ಅದು ಇನ್ನೂ ಒಳ್ಳೇದು, ಹಲವಾರು ಒಣಮೆಣಸಿನಕಾಯಿ, ಎಳ್ಳು, ಬಾದಾಮಿ ಇಲ್ಲಾ ಕಡಲೆಕಾಯಿ, ಚಕ್ಕೆ ಲವಂಗ, ಕೆಲವು ಮೋಲೆಗೆ ಒಂದು ತುಂಡು ಚಾಕ್ಲೇಟು, ಎಲ್ಲಾ ಬೇರೆ ಬೇರೆ ಹುರಿದು ರುಬ್ಬಿ ಗಂಟೆಗಟ್ಟಲೆ ಕುದಿಸೋ ಸಾಸು. ಮಸಾಲೆ ಹುರಿಯೋದ್ರಲ್ಲಿ ಪಳಗಿರೋ ನಮ್ಮ ಅಮ್ಮಂದಿರು ಒಂದು ಚಮಚ ತಿಂದ್ರೆ ಸಾಕು, ಇದರಲ್ಲಿ ಎಷ್ಟು ಕೆಲಸ ಇದೆ ಅಂತ ಹೇಳ್ಬಿಡ್ತಾರೆ. ಪೊಸೋಲೆ ಅನ್ನೋದು ಸುಣ್ಣದಲ್ಲಿ ಬೇಯಿಸಿದ ದಪ್ಪ ಜೋಳದ ಕಾಳಿನ ಸೂಪು, ಗೆರೆರೋ ರಾಜ್ಯದಲ್ಲಿ ಗುರುವಾರ ಅದನ್ನ ತಿನ್ನೋ ಸಂಪ್ರದಾಯಾನೇ ಇದೆ, ಜುಲೈ ಆಗಸ್ಟ್‌ನ ಜಿಟಿಜಿಟಿ ಮಳೆ ಸಂಜೆಗೆ ಬೆಂಗಳೂರಲ್ಲಿ ಇದಕ್ಕಿಂತ ಬೇರೆ ಬೇಕಿಲ್ಲ. ತಮಾಲೆ ಸಿಕ್ಕಿದ್ರೆ ಅದೂ ತಗೊಳ್ಳಿ, ಮಾಸಾನ ಜೋಳದ ತೆನೆ ಮೇಲಿನ ಸಿಪ್ಪೇಲಿ ಸುತ್ತಿ ಹಬೇಲಿ ಬೇಯಿಸಿದ್ದು, ಮಾಡಕ್ಕೆ ಶ್ರಮ ಜಾಸ್ತಿ ಅಂತ ಬಹಳ ಕಡೆ ವೀಕೆಂಡ್ ಮಾತ್ರ ಇರತ್ತೆ.

ಸಾಲ್ಸಾ ವಿಷ್ಯ

ಮೆಣಸಿನಕಾಯಿ, ಟೊಮ್ಯಾಟೋ ಎರಡೂ ಅಮೆರಿಕಾ ಖಂಡದಿಂದಲೇ ಬಂದಿದ್ದು, ಪೋರ್ಚುಗೀಸರ ಹಡಗಲ್ಲಿ ಗೋವಾ ಕಡೆಯಿಂದ ನಮ್ಮ ಅಡುಗೆಮನೆಗೆ ಮೆಣಸಿನಕಾಯಿ ಸೇರಿದ್ದು. ಆದ್ರಿಂದ ಸಾಲ್ಸಾ ಮುಂದೆ ನಾವು ಹೊಸಬರೇನಲ್ಲ, ಆದ್ರೂ ಒಂದು ಕ್ರಮ ಇಟ್ಕೊಳ್ಳಿ. ಮೊದಲು ಪಿಕೋ ದೆ ಗಾಯೋ, ಹೆಚ್ಚಿದ ಟೊಮ್ಯಾಟೋ ಈರುಳ್ಳಿ ಕೊತ್ತಂಬರಿ ನಿಂಬೆ, ಇದು ಖಾರ ಕಮ್ಮಿ. ಆಮೇಲೆ ಹಸಿರು ಸಾಲ್ಸಾ, ಅದನ್ನ ಟೊಮಾಟಿಯೋ ಅನ್ನೋ ಕಾಯಲ್ಲಿ ಮಾಡ್ತಾರೆ, ಒಣ ಸಿಪ್ಪೆಯ ಚೀಲದೊಳಗೆ ಇರೋ ಹುಳಿ ಕಾಯಿ, ನಮ್ಮಲ್ಲಿ ಸುಲಭಕ್ಕೆ ಸಿಗಲ್ಲ ಅಂತ ಕೆಲವರು ಹಣ್ಣಾಗದ ಹಸಿರು ಟೊಮ್ಯಾಟೋಲಿ ಮಾಡ್ತಾರೆ, ಹುಳಿ ಚೂಪಾಗಿದ್ರೆ ಓಕೆ. ಆಮೇಲೆ ಕೆಂಪು ಸಾಲ್ಸಾ, ಗ್ವಾಹೀಯೋ ಅನ್ನೋ ಒಣಮೆಣಸಿನಕಾಯಿ ಹಾಕಿದ್ದಿದ್ರೆ ಬ್ಯಾಡಗಿ ತರ ಬಣ್ಣ ಜಾಸ್ತಿ ಖಾರ ಕಮ್ಮಿ. ಚಿಪೋಟ್ಲೆ ಅಂದ್ರೆ ಹಣ್ಣಾದ ಹಲಪೇನ್ಯೋ ಮೆಣಸಿನಕಾಯಿನ ಹೊಗೇಲಿ ಒಣಗಿಸಿದ್ದು, ಹೊಗೆ ವಾಸನೆ ಮುಂದೆ ಬರತ್ತೆ. ಕೊನೇಗೆ ಕಿತ್ತಳೆ ಬಣ್ಣದ್ದು ಒಂದು ಸಣ್ಣ ಬಟ್ಟಲಲ್ಲಿ ಇಟ್ಟಿದ್ರೆ ಹುಷಾರು, ಅದು ಹಬನೇರೋ ಅನ್ನೋ ಭಾರಿ ಖಾರದ ಮೆಣಸಿನಕಾಯಿದು ಇರಬಹುದು. ಖಾರ ಅಳೆಯೋ ಸ್ಕೋವಿಲ್ ಅಳತೇಲಿ ಹಲಪೇನ್ಯೋ 2,500ರಿಂದ 8,000, ಹಬನೇರೋ ಒಂದು ಲಕ್ಷದಿಂದ ಮೂರೂವರೆ ಲಕ್ಷ. ನಾವು ಆಂಧ್ರ ಮೀಲ್ಸ್ ತಿನ್ನೋರು ಅಂತ ಚಮಚಗಟ್ಟಲೆ ಸುರಿಯಬೇಡಿ, ತೊತೊಪೋ ತುದಿಗೆ ಒಂದು ಹನಿ ಮುಟ್ಟಿಸಿ ನೋಡಿ ಸಾಕು.

ಗ್ವಾಕಮೋಲೆ ಅಂದ್ರೆ ನಮ್ಮ ಬಟರ್ ಫ್ರೂಟನ್ನೇ ಕಿವುಚಿ ಮಾಡಿದ್ದು. ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯೋ ದೊಡ್ಡ ಹಸಿರು ಬಟರ್ ಫ್ರೂಟು ಮಳೆಗಾಲದ ಹೊತ್ತಿಗೆ ಮಾರ್ಕೆಟ್‌ಗೆ ಬರತ್ತೆ, ನೀರಿನಂಶ ಸ್ವಲ್ಪ ಜಾಸ್ತಿ, ಮಿಕ್ಕ ಕಾಲದಲ್ಲಿ ಹೊರದೇಶದ ಹಾಸ್ ತಳಿ ಬಳಸ್ತಾರೆ, ಅದು ಬೆಣ್ಣೆ ಬೆಣ್ಣೆಯಾಗಿ ದುಬಾರಿ. ಯಾವುದಾದ್ರೂ ಸರಿ, ಮೇಲ್ಗಡೆ ಕಂದು ಬಣ್ಣಕ್ಕೆ ತಿರುಗಿದ್ರೆ ಮಾಡಿ ತುಂಬಾ ಹೊತ್ತಾಗಿದೆ ಅಂತ. ಕೆಚಪ್ ಕೇಳಬೇಡಿ, ಪ್ಲೀಸ್, ಎದುರಿಗೆ ನಾಲ್ಕು ಸಾಲ್ಸಾ ರುಬ್ಬಿಟ್ಟಿರೋ ಅಡುಗೆಯವರಿಗೆ ನೋವಾಗತ್ತೆ.

ತಿನ್ನೋದು ಹೇಗೆ

ಕೈಯಲ್ಲೇ. ಫೋರ್ಕು ಚಾಕು ಪಕ್ಕಕ್ಕಿಡಿ. ಮೊದಲು ನಿಂಬೆಹೋಳು ಹಿಂಡಿ, ಆಮೇಲೆ ಸಾಲ್ಸಾ ಉದ್ದಕ್ಕೆ ಒಂದು ಗೆರೆ, ಗುಡ್ಡೆ ಹಾಕಬೇಡಿ. ಹೆಬ್ಬೆರಳು ಮತ್ತೆ ಎರಡು ಬೆರಳಲ್ಲಿ ಟಾಕೋ ಮೇಲಂಚು ಹಿಡಿದು, ಟಾಕೋನ ಓರೆ ಮಾಡೋ ಬದಲು ನಿಮ್ಮ ತಲೆನ ಓರೆ ಮಾಡಿ, ಮೈ ತಟ್ಟೆ ಮೇಲೆ ಬಗ್ಗಿರ್ಲಿ. ಒಂದ್ಸಲ ಎತ್ತಿದ ಮೇಲೆ ಕೆಳಗಿಡಬೇಡಿ, ಮೂರು ನಾಲ್ಕು ಬೈಟಲ್ಲಿ ಮುಗಿಸಿ. ಫೋಟೋ ತೆಗೀಬೇಕು ಅಂದ್ರೆ ಒಂದು ತೆಗೀರಿ ಸಾಕು, ಲೈಟಿಂಗ್ ಸರಿ ಮಾಡ್ತಾ ಕೂತ್ರೆ ಟೋರ್ಟಿಯಾ ಆರತ್ತೆ. ಕೆಲವು ಕಡೆ ಒಂದು ಟಾಕೋಗೆ ಎರಡು ಟೋರ್ಟಿಯಾ ಹಾಕಿರ್ತಾರೆ, ರಸ ಜಾಸ್ತಿ ಇದ್ರೂ ತಡೀಲಿ ಅಂತ, ಬೇಕಾದ್ರೆ ಕೆಳಗಿಂದನ್ನ ಬಿಡಿಸ್ಕೊಂಡು ತಟ್ಟೆಗೆ ಬಿದ್ದಿರೋದನ್ನೆಲ್ಲಾ ಅದರಲ್ಲಿ ಬಾಚ್ಕೊಂಡು ಎರಡನೇ ಟಾಕೋ ಮಾಡ್ಕೊಳ್ಳಿ. ಬುಟ್ಟೀಲಿ ಟೋರ್ಟಿಯಾ ಕೊಟ್ಟಿದ್ರೆ ಒಂದು ತಗೊಂಡ ತಕ್ಷಣ ಬಟ್ಟೆ ಮತ್ತೆ ಮುಚ್ಚಿ, ಟೇಬಲ್‌ನಲ್ಲಿ ಯಾರಾದ್ರೂ ತೆರೆದಿಟ್ರೆ ಮುಚ್ಚೋ ಅಂತ ಜೋರು ಮಾಡಿ.

ವೆಜಿಟೇರಿಯನ್ನರಿಗೆ ಮುಖ್ಯವಾದ ಮಾತು

ಮೆನುವಲ್ಲಿ ಹಸಿರು ಚುಕ್ಕೆ ಇದ್ರೂ ಕೇಳಿ, ಯಾಕಂದ್ರೆ ಮೆಕ್ಸಿಕನ್ ಅಡುಗೇಲಿ ಮಾಂಸ ಕಣ್ಣಿಗೆ ಕಾಣದ ಕಡೆ ಇರತ್ತೆ. ರೀಫ್ರೈಡ್ ಬೀನ್ಸ್‌ನ (ಬೇಯಿಸಿ ಕಿವುಚಿದ ಕಾಳು) ಸಾಂಪ್ರದಾಯಿಕವಾಗಿ ಹಂದಿ ಕೊಬ್ಬಲ್ಲಿ ಹುರೀತಾರೆ, ಗೋಧಿ ಟೋರ್ಟಿಯಾಗೂ ತಮಾಲೆಗೂ ಅದೇ ಕೊಬ್ಬು ಹಾಕಿ ಕಲಸ್ತಾರೆ, ಕೆಂಪು ರೈಸನ್ನ ಚಿಕನ್ ಸ್ಟಾಕಲ್ಲಿ ಬೇಯಿಸ್ತಾರೆ, ಟೋರ್ಟಿಯಾ ಸೂಪಿಗೂ ಅದೇ ಸ್ಟಾಕು. ನಮ್ಮೂರಲ್ಲಿ ಬಹಳ ಜನ ಎಣ್ಣೆ, ತರಕಾರಿ ಸ್ಟಾಕಲ್ಲೇ ಮಾಡ್ತಾರೆ, ಆದ್ರೂ ಅಂದಾಜು ಮಾಡ್ಕೊಂಡು ತಿನ್ನೋದು ಬೇಡ. "ಇದು ವೆಜ್ಜಾ?" ಅಂತ ಕೇಳಿದ್ರೆ ಹೌದು ಸರ್ ಅಂದ್ಬಿಡ್ತಾರೆ. ಬಿಡಿಸಿ ಕೇಳಿ: "ಬೀನ್ಸ್ ಯಾವ ಎಣ್ಣೇಲಿ ಹುರೀತೀರಿ? ಅನ್ನಕ್ಕೆ ಚಿಕನ್ ನೀರು ಹಾಕ್ತೀರಾ? ವೆಜ್‌ದೂ ನಾನ್‌ವೆಜ್‌ದೂ ಒಂದೇ ಹೆಂಚಲ್ಲಾ?" ವೇಟರ್‌ಗೆ ಗೊತ್ತಿಲ್ಲದಿದ್ರೆ ಒಳಗೆ ಹೋಗಿ ಕೇಳ್ಕೊಂಡು ಬರ್ತಾರೆ, ಕಾಯಿರಿ. ಅಜ್ಜಿ ತಾತನ್ನ ಕರ್ಕೊಂಡು ಹೋಗ್ತಿದ್ರೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಅವರ ಮುಂದೆ ಟೇಬಲ್‌ನಲ್ಲಿ ಈ ವಿಚಾರಣೆ ನಡೆದ್ರೆ ಅವರಿಗೆ ಊಟನೇ ಸೇರಲ್ಲ. ಕೆಲವು ಚೀಸ್‌ಗಳಲ್ಲಿ ಹಾಲು ಒಡೆಸಕ್ಕೆ ಹಾಕೋ ಪ್ರಾಣಿ ಮೂಲದ ರೆನೆಟ್ ಇರತ್ತೆ, ಅಷ್ಟು ಕಟ್ಟುನಿಟ್ಟಿನವರು ಅದನ್ನೂ ಕೇಳಿ. ಸಿಹಿಗೆ ಕೊಡೋ ಫ್ಲಾನ್, ತ್ರೆಸ್ ಲೆಚೆಸ್ ಎರಡರಲ್ಲೂ ಮೊಟ್ಟೆ ಇರತ್ತೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಸಾಲ್ಸಾಗಳು ಕಷ್ಟ, ಕೆಸಡಿಯಾ (ಚೀಸ್ ಇಟ್ಟು ಮಡಚಿದ ಟೋರ್ಟಿಯಾ) ಮತ್ತೆ ಅವೆರಡೂ ಹಾಕದೇ ಫ್ರೆಶ್ ಆಗಿ ಮಾಡಿಸ್ಕೊಂಡ ಗ್ವಾಕಮೋಲೆ ನಡೆಯತ್ತೆ.

ಕುಡಿಯಕ್ಕೆ ಓರ್ಚಾಟಾ ಕೇಳಿ, ಅಕ್ಕಿ ನೆನೆಸಿ ಚಕ್ಕೆ ಜೊತೆ ರುಬ್ಬಿ ಸೋಸಿ ಸಕ್ಕರೆ ಹಾಕಿದ ತಣ್ಣನೆ ಪಾನಕ, ಖಾರ ತಿಂದ ಬಾಯಿಗೆ ಹಾಯಾಗಿರತ್ತೆ. ಹಮೈಕಾ ಅಂತ ಕೆಂಪಗೆ ಹುಳಿಯಾಗಿರೋದೂ ಸಿಗತ್ತೆ, ದಾಸವಾಳ ಜಾತಿಯ ಹೂವಿನ ದಳಗಳ ಹೊರಗಡೆ ಇರೋ ಎಸಳನ್ನ ಒಣಗಿಸಿ ಮಾಡೋದು, ಹುಣಸೆಹಣ್ಣಿನ ಪಾನಕ ಅಲ್ಲೂ ಮಾಮೂಲು. ಸಿಹಿಗೆ ಚುರ್ರೋ, ಹಿಟ್ಟನ್ನ ಉದ್ದುದ್ದ ಒತ್ತಿ ಕರಿದಿದ್ದು, ಅದೂ ಕರಿದ ತಕ್ಷಣ ಕೊಟ್ರೆ ಮಾತ್ರ.

ಯಾವಾಗ ಹೋಗೋದು, ಬಿಲ್ಲು

ಶನಿವಾರ ಭಾನುವಾರ ರಾತ್ರಿ ಎಂಟರ ಮೇಲೆ ಸಣ್ಣ ಜಾಗಗಳಲ್ಲಿ ಕಾಯಬೇಕಾಗತ್ತೆ, ಹೆಂಚಿನ ಮುಂದೆ ಇರೋ ಒಬ್ಬರು ಇಬ್ಬರ ಮೇಲೆ ಒತ್ತಡ ಬಿದ್ದು ಟೋರ್ಟಿಯಾ ಮೊದಲೇ ಸುಟ್ಟು ಇಟ್ಬಿಡ್ತಾರೆ. ವಾರದ ದಿನ ಮಧ್ಯಾಹ್ನ, ಲಂಚ್ ರಶ್ ಶುರುವಾಗೋ ಮುಂಚೆ ಹೋದ್ರೆ ಒಂದೊಂದಾಗಿ ಬಿಸಿಬಿಸಿ ಬರತ್ತೆ, ಮಾತಾಡಕ್ಕೂ ಅವರಿಗೆ ಪುರುಸೊತ್ತಿರತ್ತೆ. ಪಾರ್ಕಿಂಗ್ ನಂಬ್ಕೋಬೇಡಿ, ಮೆಟ್ರೋನೋ ಆಟೋನೋ ನೋಡ್ಕೊಳ್ಳಿ. ಸೆಪ್ಟೆಂಬರ್ 16 ಮೆಕ್ಸಿಕೋದ ಸ್ವಾತಂತ್ರ್ಯ ದಿನ, ನವೆಂಬರ್ 1 ಮತ್ತು 2 ಅವರು ತೀರಿಹೋದ ಹಿರಿಯರನ್ನ ನೆನೆಯೋ ಹಬ್ಬ, ಆ ದಿನಗಳಲ್ಲಿ ಸ್ಪೆಷಲ್ ಮಾಡ್ತಾರಾ ವಿಚಾರಿಸಿ. ಡೆಲಿವರಿ ಆಪ್‌ನಲ್ಲಿ ಟಾಕೋ ತರಿಸೋದನ್ನ ನಾನು ಯಾರಿಗೂ ಹೇಳಲ್ಲ, ಸಿಲ್ಕ್ ಬೋರ್ಡ್ ದಾಟಿ ಬರೋ ಅಷ್ಟರಲ್ಲಿ ಡಬ್ಬಿಯೊಳಗಿನ ಹಬೆಗೆ ಅದು ಮುದ್ದೆಯಾಗಿರತ್ತೆ. ತರಿಸಲೇಬೇಕಾದ್ರೆ ಬರೀಟೋ ಇಲ್ಲಾ ಬೌಲು ತರಿಸಿ.

ಬಿಲ್‌ನಲ್ಲಿ ಮಾಮೂಲಿ ರೆಸ್ಟೋರೆಂಟ್‌ಗೆ ಜಿಎಸ್‌ಟಿ 5% ಇರತ್ತೆ. ಸರ್ವಿಸ್ ಚಾರ್ಜನ್ನ ಬಿಲ್‌ಗೆ ತಾನಾಗೇ ಸೇರಿಸೋ ಹಾಗಿಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ, ಹಾಕಿದ್ರೆ ತೆಗೆಯಕ್ಕೆ ಹೇಳಬಹುದು. ಅದರ ಬದಲು ಸರ್ವ್ ಮಾಡಿದವರಿಗೂ, ಸಾಧ್ಯ ಆದ್ರೆ ಹೆಂಚಿನ ಮುಂದೆ ಆ ಬಿಸೀಲಿ ನಿಂತವರಿಗೂ, ಕೈಗೇ ಕೊಡಿ.

ಮನೆಗೆ ತಗೊಂಡು ಹೋಗಿ

ಮೆಕ್ಸಿಕೋದಲ್ಲಿ ಪ್ರತಿ ಏರಿಯಾದಲ್ಲೂ ಟೋರ್ಟಿಯಾ ಅಂಗಡಿ ಇರತ್ತೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಜನ ಮನೆಯಿಂದ ಬಟ್ಟೆ ತಂದು ಕ್ಯೂ ನಿಂತು ಕೆಜಿ ಲೆಕ್ಕದಲ್ಲಿ ತಗೊಂಡು ಹೋಗ್ತಾರೆ, ಮೆಷಿನ್ನಿಂದ ಬಂದ ಬಿಸಿ ಕಟ್ಟನ್ನ ಆ ಬಟ್ಟೇಲಿ ಸುತ್ಕೊಂಡು. ನಮ್ಮಲ್ಲೂ ಊಟ ಆದ ಮೇಲೆ "ಬರೀ ಟೋರ್ಟಿಯಾ ಪಾರ್ಸೆಲ್ ಕೊಡ್ತೀರಾ?" ಅಂತ ಕೇಳಿ, ಕೊಡೋರಿದ್ರೆ ಒಂದು ಡಜನ್ ತಗೊಳ್ಳಿ. ಹೋಗುವಾಗ ಒಂದು ತೆಳ್ಳನೆ ಕಾಟನ್ ಬಟ್ಟೆ ಬ್ಯಾಗಲ್ಲಿಟ್ಕೊಂಡಿರಿ. ಪ್ಲಾಸ್ಟಿಕ್ ಕವರಲ್ಲಿ ಬಿಸಿದು ಕಟ್ಟಿದ್ರೆ ಬೆವರಿ ಅಂಟ್ಕೊಳ್ಳತ್ತೆ, ಬಟ್ಟೆ ಸುತ್ತಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಡ್ಜಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ.

ಬಿಸಿ ಮಾಡಕ್ಕೆ ಕಬ್ಬಿಣದ ತವಾ ಚೆನ್ನಾಗಿ ಕಾಯಿಸಿ, ಎಣ್ಣೆ ಬೇಡ, ಟೋರ್ಟಿಯಾಗೆ ಒದ್ದೆ ಕೈ ಸವರಿ ಒಂದೊಂದು ಕಡೆ ಅರ್ಧ ನಿಮಿಷ, ಬೇಕಾದ್ರೆ ಕೊನೇಲಿ ಫುಲ್ಕಾ ತರ ಸೀದಾ ಉರಿ ಮೇಲೆ ಕ್ಷಣ ಇಟ್ಟು ತೆಗೀರಿ, ಅಂಚು ಸ್ವಲ್ಪ ಕಪ್ಪಾದ್ರೂ ಪರವಾಗಿಲ್ಲ, ತಕ್ಷಣ ಬಟ್ಟೇಲಿ ಮುಚ್ಚಿ. ಮಕ್ಕಳಿಗೆ ಸ್ಕೂಲಿಂದ ಬಂದ ಮೇಲೆ ಒಂದು ಟೋರ್ಟಿಯಾ ತವಾ ಮೇಲೆ ಹಾಕಿ ಚೀಸ್ ತುರಿದು ಅರ್ಧಕ್ಕೆ ಮಡಚಿ ಎರಡೂ ಕಡೆ ಗರಿ ಆಗೋವರೆಗೂ ಒತ್ತಿ ಕೊಡಿ, ಕೆಸಡಿಯಾ ಆಯ್ತು.

ಒಣಗಿ ಗಟ್ಟಿಯಾಗಿದ್ದನ್ನ ಎಸೀಬೇಡಿ, ಚಿಲಾಕಿಲೆಸ್ ಅನ್ನೋ ತಿಂಡಿಗೆ ಹಳೇದೇ ಬೇಕು, ಹೊಸದು ಎಣ್ಣೆ ಕುಡಿಯತ್ತೆ. ಕತ್ತರಿಸಿ ಗರಿಗರಿಯಾಗಿ ಕರೀರಿ. ಬೇರೆ ಬಾಣಲೇಲಿ ನಾಲ್ಕು ಟೊಮ್ಯಾಟೋ, ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ನಿಮ್ಮ ಖಾರಕ್ಕೆ ತಕ್ಕ ಹಸಿಮೆಣಸಿನಕಾಯಿ ಒಣ ಬಾಣಲೇಲೇ ಚೆನ್ನಾಗಿ ಕಪ್ಪು ಚುಕ್ಕೆ ಬರೋವರೆಗೂ ಸುಟ್ಟು, ಉಪ್ಪು ಹಾಕಿ ರುಬ್ಬಿ, ಒಂದು ಚಮಚ ಎಣ್ಣೇಲಿ ಐದು ನಿಮಿಷ ಕುದಿಸಿ, ಕರಿದ ತುಂಡುಗಳನ್ನ ಹಾಕಿ ಒಂದ್ಸಲ ಕೈಯಾಡಿಸಿ ತಕ್ಷಣ ಇಳಿಸಿ. ಮೇಲೆ ಗಟ್ಟಿ ಮೊಸರು, ಹಸಿ ಈರುಳ್ಳಿ, ಕೊತ್ತಂಬರಿ, ತಿನ್ನೋರಿದ್ರೆ ಒಂದು ಹಾಫ್ ಬಾಯಿಲ್. ಭಾನುವಾರ ಬೆಳಗ್ಗೆ ತಿಂಡಿಗೆ ಸರಿಯಾಗತ್ತೆ, ಮಾಡಿಟ್ಟು ಬೇರೆಯವರು ಸ್ನಾನ ಮುಗಿಸಿ ಬರ್ಲಿ ಅಂತ ಕಾಯಬೇಡಿ, ಎಲ್ಲರೂ ಕೂತ ಮೇಲೇನೇ ಸಾಸಿಗೆ ಹಾಕಿ.